ಮಗಳ ಫೋನಿಗೆ ಹಾಕಿದ ಚಿಲಕ

ಮಗಳ ಫೋನಿನಲ್ಲಿ, ಅವಳ ಮೇಲೆ ಕಣ್ಣಿಡುವ ಆ ಆ್ಯಪ್ ಹಾಕಿದ ದಿನ ಅವಳಿಗೆ ಹೇಳಿರಲಿಲ್ಲ. ಭಾನುವಾರ. ತಲೆಗೆ ಎಣ್ಣೆ ಹಚ್ಚಿಕೊಂಡು ಸ್ನಾನಕ್ಕೆ ಹೋದವಳು ಬರಲು ಮುಕ್ಕಾಲು ಗಂಟೆಯಾದರೂ ಬೇಕು ಎಂದು ಲೆಕ್ಕ ಹಾಕಿಯೇ ಕುಳಿತಿದ್ದೆ. ಫೋನ್ ಒಂದೊಂದಾಗಿ ಅನುಮತಿ ಕೇಳುತ್ತಾ ಹೋಯಿತು. ಎಲ್ಲಿದ್ದಾಳೆಂದು ತಿಳಿಯಲು ಒಂದು ಅನುಮತಿ, ಬರುವ ನೋಟಿಫಿಕೇಶನ್‌ಗಳನ್ನೆಲ್ಲ ಓದಲು ಇನ್ನೊಂದು, ಪರದೆಯ ಮೇಲೆ ಕಾಣುವುದನ್ನು ಗ್ರಹಿಸಲು ಮತ್ತೊಂದು. ಪ್ರತಿ ಸಲವೂ ಎಚ್ಚರಿಕೆಯ ಮಾತು ಬರುತ್ತಿತ್ತು. ಪ್ರತಿ ಸಲವೂ 'ಸರಿ' ಎಂದು ಒತ್ತಿದೆ. ಕೊನೆಗೆ ಅದು ತನ್ನ ಚಿಹ್ನೆಯನ್ನು ಮರೆಮಾಡಿಕೊಂಡು, ಫೋನಿನದೇ ಯಾವುದೋ ಒಳಭಾಗ ಎನ್ನಿಸುವಂಥ ಹೆಸರಿನಲ್ಲಿ ಅಡಗಿ ಕುಳಿತಿತು. ಬಚ್ಚಲಿನಲ್ಲಿ ನೀರು ಸುರಿಯುವ ಸದ್ದು ಇನ್ನೂ ಕೇಳುತ್ತಿತ್ತು.

ಆಗ ಅವಳಿಗೆ 13 ವರ್ಷ, ಎಂಟನೇ ತರಗತಿ. ಅವಳ ಕೈಗೆ ಫೋನ್ ಬಂದದ್ದು ನಮ್ಮ ಇಷ್ಟದಿಂದಲ್ಲ. ಕೊರೊನಾ ಕಾಲ ನೆನಪಿರಬಹುದು: 2020ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಚಿಕ್ಕ ತರಗತಿಗಳಿಗೆ ಆನ್‌ಲೈನ್ ಪಾಠ ಬೇಡವೆಂದಿತು, ಜುಲೈನಲ್ಲಿ ಹೈಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟಿತು. ಆ ಎಳೆದಾಟದ ನಡುವೆಯೇ ನನ್ನ ಹಳೆಯ ಫೋನ್ ಅವಳ ಪಾಠದ ಫೋನ್ ಆಯಿತು. ಶಾಲೆ ತೆರೆದ ಮೇಲೂ ಅದು ವಾಪಸ್ ಬರಲಿಲ್ಲ. ಹೋಂವರ್ಕ್ ಬರುವುದು ವಾಟ್ಸ್‌ಆ್ಯಪ್ ಗುಂಪಿಗೆ, ಸುತ್ತೋಲೆ ಬರುವುದೂ ಅಲ್ಲಿಗೇ. ಒಂದು ದಿನ ಅದೇ ತರಗತಿಯ ಮಕ್ಕಳು ತಾವೇ ಮಾಡಿಕೊಂಡ ಬೇರೊಂದು ಗುಂಪಿನಲ್ಲಿ ಯಾರೋ ಅಶ್ಲೀಲ ವಿಡಿಯೊ ಹಾಕಿದ್ದಾರೆಂದು ಸುದ್ದಿಯಾಯಿತು. ಪೋಷಕರ ಸಭೆಯಲ್ಲಿ ಒಬ್ಬ ತಾಯಿ ಅತ್ತೇಬಿಟ್ಟರು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮರುದಿನ ಬ್ಯಾಂಕಿನಲ್ಲಿ ಸಹೋದ್ಯೋಗಿಯೊಬ್ಬರು ಈ ಆ್ಯಪ್‌ನ ಹೆಸರು ಹೇಳಿದರು.

ವಾಟ್ಸ್‌ಆ್ಯಪ್ ಸಂದೇಶಗಳನ್ನು ದಾರಿಯಲ್ಲಿ ಯಾರೂ ಓದಲಾಗದು ಎಂದು ಕೇಳಿರುತ್ತೇವೆ. ಅದು ನಿಜ. ಈ ಬಗೆಯ ಆ್ಯಪ್ ಆ ಬೀಗದ ತಂಟೆಗೇ ಹೋಗುವುದಿಲ್ಲ. ಪತ್ರ ಮನೆಗೆ ತಲುಪಿ, ಓದುವವರು ಅದನ್ನು ಬಿಡಿಸಿ ಹಿಡಿದಾಗ ಹೆಗಲ ಮೇಲಿಂದ ಇಣುಕಿ ಓದುತ್ತದೆ. ಓದಿದ್ದನ್ನು ಎಲ್ಲೋ ಇರುವ ಕಂಪನಿಯೊಂದರ ಕಂಪ್ಯೂಟರಿಗೆ ಕಳಿಸುತ್ತದೆ, ಅಲ್ಲಿಂದ ನನ್ನ ಫೋನಿಗೆ ಬರುತ್ತದೆ. ನಡುವಿನ ಆ ನಿಲ್ದಾಣದ ಬಗ್ಗೆ ಆಗ ನಾನು ಯೋಚಿಸಲೇ ಇಲ್ಲ.

ನಾಲ್ಕು ತಿಂಗಳು ಓದಿದೆ. ಮಧ್ಯಾಹ್ನ ಊಟದ ಡಬ್ಬಿ ತೆರೆದಿಟ್ಟುಕೊಂಡು ಓದಿದೆ, ಬಸ್ಸಿನಲ್ಲಿ ಓದಿದೆ. ಹೆದರಿದ್ದ ಯಾವುದೂ ಅದರಲ್ಲಿರಲಿಲ್ಲ. ಲೆಕ್ಕದ ಉತ್ತರ, ಟೀಚರ್ ಸೀರೆಯ ಬಣ್ಣ, ಯಾರ ತಮ್ಮ ಯಾರಿಗೆ ಏನೆಂದ, ಇಷ್ಟೇ. ಆದರೂ ಬಿಡಲಾಗುತ್ತಿರಲಿಲ್ಲ. ಇವತ್ತು ಇಲ್ಲದ್ದು ನಾಳೆ ಇರಬಹುದಲ್ಲ ಎಂಬ ದಿಗಿಲು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವುದು ಎನ್ನುತ್ತೇವಲ್ಲ, ಹಾಗೆ ಕಾದ ಕಣ್ಣಿಗೆ ಉರಿ ಹತ್ತುವುದೂ ಉಂಟು ಎಂದು ಆ ನಾಲ್ಕು ತಿಂಗಳಲ್ಲಿ ಗೊತ್ತಾಯಿತು.

ಒಂದು ಶನಿವಾರ ಗೆಳತಿಯ ಹುಟ್ಟುಹಬ್ಬವೆಂದು ಹೋಗಿದ್ದಳು. ಸಂಜೆ ಬಂದಾಗ 'ಹೇಗಿತ್ತು ಪುಟ್ಟಾ?' ಎಂದೆ. 'ಚೆನ್ನಾಗಿತ್ತು' ಎಂದಳು. ಆದರೆ ಅವಳು ಬರುವ ಮೊದಲೇ ನಾನು ಓದಿಯಾಗಿತ್ತು. ಕೇಕ್ ಕತ್ತರಿಸಿದ ಮೇಲೆ ಉಳಿದ ಐವರು ಹುಡುಗಿಯರು ಮಹಡಿಗೆ ಹೋಗಿ ಬಾಗಿಲು ಹಾಕಿಕೊಂಡಿದ್ದರು, ಇವಳು ಕೆಳಗೆ ಆ ಮನೆಯ ಅಜ್ಜಿಯ ಜೊತೆ ಟಿ.ವಿ. ನೋಡುತ್ತಾ ಕುಳಿತಿದ್ದಳು. ಬೇರೆ ಶಾಲೆಯ ಹಳೆಯ ಗೆಳತಿಗೆ ಅದನ್ನೆಲ್ಲ ಬರೆದು, ಕೊನೆಗೆ 'ಮನೆಯಲ್ಲಿ ಹೇಳಬೇಡ' ಎಂದಿದ್ದಳು. ಹಾಲು ಬಿಸಿ ಮಾಡಿ ಕೊಟ್ಟೆ. ಪಕ್ಕದಲ್ಲಿ ಕುಳಿತೆ. ಲೋಟದ ಅಂಚನ್ನು ಬೆರಳಿನಿಂದ ಸವರುತ್ತಾ ಕುಳಿತಿದ್ದಳು. ನನಗೆ ಎಲ್ಲವೂ ಗೊತ್ತಿತ್ತು, ಏನನ್ನೂ ಹೇಳುವಂತಿರಲಿಲ್ಲ. ಗೊತ್ತಿಲ್ಲದಿದ್ದರೆ 'ಮುಖ ಯಾಕೆ ಹೀಗಿದೆ?' ಎಂದು ಸಹಜವಾಗಿ ಕೇಳುತ್ತಿದ್ದೆನೇನೋ. ಗೊತ್ತಿದ್ದದ್ದರಿಂದ, ಬಾಯಿ ತೆರೆದರೆ ಸಿಕ್ಕಿಬೀಳುತ್ತೇನೆಂಬ ಭಯದಲ್ಲಿ ಅಷ್ಟನ್ನೂ ಕೇಳಲಿಲ್ಲ. ಕದ್ದು ತಿಳಿದುಕೊಂಡದ್ದನ್ನು ಬಳಸಲು ಬರುವುದಿಲ್ಲ. ಈ ಆ್ಯಪ್‌ಗಳ ಅನನುಕೂಲಗಳ ಬಗ್ಗೆ ನಾನು ಓದಿದ ಯಾವ ಲೇಖನದಲ್ಲೂ ಈ ಮಾತು ಇರಲಿಲ್ಲ.

ಮಗಳು ಅದನ್ನು ಪತ್ತೆ ಮಾಡಿದ್ದು ಬ್ಯಾಟರಿಯಿಂದ. ಚಾರ್ಜ್ ಬೇಗ ಇಳಿಯುತ್ತಿದೆಯೆಂದು ಸೆಟ್ಟಿಂಗ್ಸ್‌ಗೆ ಹೋಗಿ, ಯಾವುದು ಎಷ್ಟು ಬಳಸುತ್ತಿದೆ ಎಂಬ ಪಟ್ಟಿ ನೋಡಿದ್ದಾಳೆ. ಹೆಸರು ಕಂಡಿದೆ, ಹುಡುಕಿದ್ದಾಳೆ, ತಿಳಿದಿದೆ. ನನ್ನ ಹತ್ತಿರ ಒಂದು ಮಾತೂ ಆಡಲಿಲ್ಲ. ಅದನ್ನು ತೆಗೆಯಲೂ ಇಲ್ಲ. ನನ್ನ ಅತ್ತೆಯ ಫೋನಿನಲ್ಲಿ ತನಗೊಂದು ಬೇರೆ ಖಾತೆ ತೆರೆದುಕೊಂಡಳು. ತನ್ನ ಫೋನಿನಲ್ಲಿ ಹೋಂವರ್ಕಿನ ಮಾತು ಮಾತ್ರ ಉಳಿಸಿದಳು. ನಾವು ಚಾಪೆ ಕೆಳಗೆ ತೂರಿದರೆ ಮಕ್ಕಳು ರಂಗೋಲಿ ಕೆಳಗೆ ತೂರುತ್ತಾರೆ. 'ಮಗಳು ಎಷ್ಟು ಒಳ್ಳೆಯವಳು' ಎಂದುಕೊಂಡು ನಾನು ಓದುತ್ತಿದ್ದ ವಾರಗಳಲ್ಲಿ, ಆ ಇನ್ನೊಂದು ಖಾತೆಯಿಂದ ಆಡುತ್ತಿದ್ದ ಆಟದ ಚಾಟ್‌ನಲ್ಲಿ ಅಪರಿಚಿತನೊಬ್ಬ ಅವಳ ಫೋಟೊ ಕೇಳಿದ್ದ. ಸಮವಸ್ತ್ರದಲ್ಲಿದ್ದ ಒಂದು ಸಾಧಾರಣ ಫೋಟೊ ಕಳಿಸಿದ್ದಳು. ಇನ್ನೂ ಬೇಕು, ಇಲ್ಲದಿದ್ದರೆ ಇದನ್ನೇ ತಿದ್ದಿ ಎಲ್ಲೆಡೆ ಹಾಕುತ್ತೇನೆ ಎಂದು ಅವನು ಹೆದರಿಸಲು ಶುರು ಮಾಡಿದ.

ಹನ್ನೊಂದು ದಿನ ಅದನ್ನು ಒಬ್ಬಳೇ ಹೊತ್ತುಕೊಂಡು ತಿರುಗಿದ್ದಾಳೆ.

ಕೊನೆಗೆ ಹೇಳಿದ್ದು ನನಗಲ್ಲ. ದಸರಾ ರಜೆಗೆ ಸಾಗರದ ಕಡೆಯ ಹಳ್ಳಿಯಲ್ಲಿರುವ ನನ್ನ ತಂಗಿಯ ಮನೆಗೆ ಹೋಗಿದ್ದಳು. ರಾತ್ರಿ ಅಂಗಳದಲ್ಲಿ ಅಡಿಕೆ ಸುಲಿಯುತ್ತಾ ಮೆಟ್ಟುಗತ್ತಿಯ ಮುಂದೆ ಕುಳಿತಿದ್ದ ಚಿಕ್ಕಮ್ಮನ ಪಕ್ಕ ಹೋಗಿ ಕುಳಿತಿದ್ದಾಳೆ. ಚಿಕ್ಕಮ್ಮನ ಕಣ್ಣು ಕತ್ತಿಯ ಮೇಲಿತ್ತು, ತಲೆ ಎತ್ತುವಂತಿರಲಿಲ್ಲ. ಅದಕ್ಕೇ ಹೇಳಲು ಸಾಧ್ಯವಾಯಿತು ಎಂದು ಮಗಳು ಆಮೇಲೆ ನನಗೆ ಹೇಳಿದಳು. 'ಅಮ್ಮನಿಗೆ ಯಾಕೆ ಹೇಳಲಿಲ್ಲ?' ಎಂದು ತಂಗಿ ಕೇಳಿದಾಗ ಎರಡು ಕಾರಣ ಕೊಟ್ಟಳಂತೆ. ಒಂದು, ಫೋನ್ ಕಿತ್ತುಕೊಳ್ಳುತ್ತಾರೆ. ಇನ್ನೊಂದು, 'ಅಮ್ಮ ನನ್ನನ್ನು ಕೇಳದೆ ಎಲ್ಲ ಓದುತ್ತಾಳೆ, ನಾನು ಯಾಕೆ ಹೇಳಬೇಕು?'

ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ಕೊಟ್ಟೆವು. ಆ ಸಂದೇಶಗಳ ಸ್ಕ್ರೀನ್‌ಶಾಟ್ ಇಟ್ಟುಕೊಂಡಿದ್ದಳು, ಅದು ನೆರವಾಯಿತು. ಅವನನ್ನು ಬ್ಲಾಕ್ ಮಾಡಿದ ಮೇಲೆ ಬೇರೆ ಏನೂ ಆಗಲಿಲ್ಲ. ಇಂಥದ್ದರಲ್ಲಿ ಸಿಕ್ಕಿಕೊಂಡ ಮಗುವಿಗೆ 1098 ಸಹಾಯವಾಣಿಯೂ ಇದೆ, ಮಕ್ಕಳಿಗೆ ಆ ಸಂಖ್ಯೆ ಬಾಯಿಪಾಠವಾಗಿರಬೇಕು. ನನ್ನ ಮಗಳಿಗೆ ಅದು ಗೊತ್ತಿರಲಿಲ್ಲ. ಅವಳ ಒಂದೊಂದು ಸಂದೇಶವನ್ನೂ ಓದುತ್ತಿದ್ದ ನಾನು ಅದನ್ನು ಹೇಳಿಕೊಟ್ಟಿರಲಿಲ್ಲ.

ಆಮೇಲೆ ಈ ವಿಷಯದ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದತೊಡಗಿದೆ. ಅಮೆರಿಕದ ಫ್ಲಾರಿಡಾದ ವಿಶ್ವವಿದ್ಯಾಲಯವೊಂದರ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಇಂಥ ಆ್ಯಪ್‌ಗಳ ಬಗ್ಗೆ ಮಕ್ಕಳೇ ಪ್ಲೇಸ್ಟೋರ್‌ನಲ್ಲಿ ಬರೆದ 736 ವಿಮರ್ಶೆಗಳನ್ನು ಅವರು ಒಟ್ಟು ಹಾಕಿ ಓದಿದರು. ನೂರಕ್ಕೆ 76 ಮಕ್ಕಳು ಕೊಟ್ಟದ್ದು ಒಂದೇ ನಕ್ಷತ್ರ. ಪೋಷಕರು ಮೆಚ್ಚಿ ನಕ್ಷತ್ರ ಕೊಟ್ಟ ಆ್ಯಪ್‌ಗಳೇ ಅವು. ಅದೇ ವರ್ಷ ಆಕ್ಸ್‌ಫರ್ಡ್‌ನ ಸಂಶೋಧಕರು ಅಶ್ಲೀಲ ದೃಶ್ಯಗಳನ್ನು ತಡೆಯುವ ಫಿಲ್ಟರ್‌ಗಳ ಲೆಕ್ಕ ಹಾಕಿದರು. ಒಂದೇ ಒಂದು ಮಗುವಿನ ಕಣ್ಣಿಗೆ ಅದು ಬೀಳದಂತೆ ತಡೆಯಬೇಕಾದರೆ 17ರಿಂದ 77 ಮನೆಗಳಲ್ಲಿ ಫಿಲ್ಟರ್ ಹಾಕಿರಬೇಕು ಎಂದು ಕಂಡುಕೊಂಡರು. ಮನೆಯ ವೈಫೈಗೆ ಬಿಗಿ ಫಿಲ್ಟರ್ ಹಾಕಿ ನೆಮ್ಮದಿಯಿಂದ ಮಲಗುವ ತಂದೆತಾಯಿ ಆ 77ರಲ್ಲಿ ತಾವು ಎಲ್ಲಿದ್ದೇವೆಂದು ಕೇಳಿಕೊಳ್ಳಬೇಕು. ಪಕ್ಕದ ಬೆಂಚಿನ ಹುಡುಗನ ಹಾಟ್‌ಸ್ಪಾಟ್‌ಗೆ ನಮ್ಮ ಮನೆಯ ವೈಫೈ ನಿಯಮ ಅನ್ವಯಿಸುವುದಿಲ್ಲ.

ಇನ್ನು ಆ ನಡುವಿನ ನಿಲ್ದಾಣದ ಮಾತು. ಮಕ್ಕಳ ಫೋನ್ ಕಾಯುತ್ತೇವೆಂದ ಟೀನ್‌ಸೇಫ್ ಎಂಬ ಅಮೆರಿಕದ ಕಂಪನಿ 2018ರಲ್ಲಿ ಸಾವಿರಾರು ಮಕ್ಕಳ ಖಾತೆಗಳ ಪಾಸ್‌ವರ್ಡ್‌ಗಳನ್ನು ಯಾವ ರಕ್ಷಣೆಯೂ ಇಲ್ಲದ ಸರ್ವರ್‌ನಲ್ಲಿ ತೆರೆದಿಟ್ಟಿತ್ತು. ಎಂಸ್ಪೈ ಎಂಬ ಇಂಥದೇ ಆ್ಯಪ್‌ನಿಂದ 2015, 2018 ಮತ್ತು 2024ರಲ್ಲಿ, ಮೂರು ಸಲ ಮಾಹಿತಿ ಸೋರಿತು. ಮನೆಮಂದಿ ಎಲ್ಲಿದ್ದಾರೆಂದು ತೋರಿಸುವ ಲೈಫ್360 ಆ ಕುಟುಂಬಗಳ ಓಡಾಟದ ವಿವರವನ್ನು ದತ್ತಾಂಶ ವ್ಯಾಪಾರಿಗಳಿಗೆ ಮಾರುತ್ತಿತ್ತೆಂದು 2021ರ ಡಿಸೆಂಬರ್‌ನಲ್ಲಿ ಪತ್ರಕರ್ತರು ಬಯಲು ಮಾಡಿದರು. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ. ಹುಟ್ಟುಹಬ್ಬದ ದಿನ ನನ್ನ ಮಗಳು ಗೆಳತಿಗೆ ಬರೆದ ಆ ಸಾಲುಗಳು ಇವತ್ತು ಯಾವ ಊರಿನ ಯಾವ ಯಂತ್ರದಲ್ಲಿ ಕುಳಿತಿವೆಯೋ. ಅದನ್ನು ನೆನೆದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಹಾಗೆಂದು ನಾನು ಪೇರೆಂಟಲ್ ಕಂಟ್ರೋಲ್, ಅಂದರೆ ಮಕ್ಕಳ ಫೋನಿಗೆ ಹೆತ್ತವರು ಹಾಕುವ ಮಿತಿ, ಬೇಡವೆನ್ನುವವಳಲ್ಲ. ನನ್ನ ಕಿರಿಯ ಮಗನ ಟ್ಯಾಬ್ಲೆಟ್‌ನಲ್ಲಿ ಅದು ಇದೆ, ಇರಲೇಬೇಕು. ಅವನಿಗೀಗ ಹತ್ತು ವರ್ಷ. ಗೂಗಲ್‌ನ ಫ್ಯಾಮಿಲಿ ಲಿಂಕ್ ಹಾಕಿದ್ದೇವೆ. 2017ರಲ್ಲಿ ಬಂದದ್ದು, ಹಣ ಕೊಡಬೇಕಾಗಿಲ್ಲ. ದಿನಕ್ಕೆ ಒಂದು ಗಂಟೆ, ರಾತ್ರಿ ಎಂಟೂವರೆಗೆ ಬೀಗ, ಹೊಸ ಆಟ ಬೇಕೆಂದರೆ ನನ್ನ ಫೋನಿಗೆ ಕೋರಿಕೆ ಬರುತ್ತದೆ. ಅದು ಸಂದೇಶಗಳನ್ನು ಓದುವುದಿಲ್ಲ, ಕರೆ ಕೇಳಿಸಿಕೊಳ್ಳುವುದಿಲ್ಲ. ಅಡಗಿಯೂ ಕೂರುವುದಿಲ್ಲ, ಮೇಲ್ವಿಚಾರಣೆ ಇದೆಯೆಂದು ಮಗುವಿಗೇ ತೋರಿಸುತ್ತದೆ. ಮೊದಲು ಪ್ರತಿ ಸಂಜೆ ಟ್ಯಾಬ್ಲೆಟ್ ಕಸಿಯುವಾಗ ರಂಪವಾಗುತ್ತಿತ್ತು, ನಾನು ಕೂಗುವುದು, ಅವನು ಕಾಲು ಬಡಿಯುವುದು, ಅತ್ತೆ ಮಧ್ಯೆ ಬಂದು 'ಮಗು ಅಲ್ಲವೇನಮ್ಮಾ' ಎನ್ನುವುದು. ಈಗ ಐದು ನಿಮಿಷ ಮೊದಲೇ ಸೂಚನೆ ಬರುತ್ತದೆ, ಆಮೇಲೆ ಪರದೆ ತಾನೇ ಮುಚ್ಚಿಕೊಳ್ಳುತ್ತದೆ. ಜಗಳ ಅವನಿಗೂ ಗಡಿಯಾರಕ್ಕೂ ನಡುವೆ. ಎಂಟೂಮುಕ್ಕಾಲಿಗೆ ಅವನು ಊಟದ ತಟ್ಟೆಯ ಮುಂದೆ ಇರುತ್ತಾನೆ. ಈ ಒಂದು ಪ್ರಯೋಜನಕ್ಕಾಗಿಯೇ ಅದನ್ನು ಎಲ್ಲ ಪುಟ್ಟ ಮಕ್ಕಳ ಮನೆಗಳಿಗೂ ಹೇಳುತ್ತೇನೆ. ಆಟದ ನಡುವೆ 'ಇದನ್ನು ಕೊಳ್ಳಿ' ಎಂಬ ಗುಂಡಿ ಒತ್ತಿ ಅಪ್ಪನ ಖಾತೆಯಿಂದ ಹಣ ಕಳೆದ ಮಕ್ಕಳ ಕಥೆಗಳನ್ನು ಬ್ಯಾಂಕಿನ ಕೌಂಟರ್‌ನಲ್ಲಿ ಕೂತು ಎಷ್ಟೋ ಕೇಳಿದ್ದೇನೆ. ಖರೀದಿಗೆ ಒಪ್ಪಿಗೆ ಕೇಳುವಂತೆ ಮಾಡುವ ಒಂದು ಸೆಟ್ಟಿಂಗ್ ಆ ಮನೆಗಳ ದುಡ್ಡನ್ನು ಉಳಿಸಬಹುದಿತ್ತು. ಯೂಟ್ಯೂಬ್ ಕಿಡ್ಸ್ 2016ರಿಂದ ನಮ್ಮ ದೇಶದಲ್ಲಿದೆ, ಅದನ್ನೂ ಬಳಸುತ್ತೇವೆ. ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲೇ ಮೊಬೈಲ್, ಇಂಟರ್‌ನೆಟ್ ಗೀಳಿಗೆಂದು 'ಷಟ್' ಎಂಬ ಪ್ರತ್ಯೇಕ ಕ್ಲಿನಿಕ್ ತೆರೆದಿದೆ ಎಂದಮೇಲೆ, ಸಣ್ಣ ವಯಸ್ಸಿನಲ್ಲೇ ಗಂಟೆಯ ಲೆಕ್ಕ ಕಲಿಸುವುದನ್ನು ಯಾರೂ ಅತಿಯೆನ್ನಲಾಗದು.

ಆದರೆ ಫಿಲ್ಟರ್‌ಗಳ ಬುದ್ಧಿಯ ಮೇಲೆ ನನಗೆ ಭರವಸೆ ಇಲ್ಲ. 1996ರಲ್ಲಿ ಇಂಗ್ಲೆಂಡಿನ ಸ್ಕನ್‌ಥಾರ್ಪ್ ಎಂಬ ಊರಿನವರು ಎಒಎಲ್ ಎಂಬ ಇಂಟರ್‌ನೆಟ್ ಸೇವೆಯಲ್ಲಿ ಖಾತೆ ತೆರೆಯಲಾಗದೆ ಪರದಾಡಿದರು. ಊರಿನ ಹೆಸರಿನ ಅಕ್ಷರಗಳ ನಡುವೆ ಇಂಗ್ಲಿಷಿನ ಒಂದು ಕೆಟ್ಟ ಪದ ಅಡಗಿತ್ತು. ಅಷ್ಟು ಹಳೆಯ ತಪ್ಪು ನಮ್ಮ ಮನೆಯಲ್ಲೂ ನಡೆಯಿತು. ಎಂಟನೇ ತರಗತಿಯ ವಿಜ್ಞಾನದಲ್ಲಿ ಹದಿಹರೆಯದ ದೇಹದ ಬದಲಾವಣೆಗಳ ಪಾಠವಿತ್ತು. ಅದಕ್ಕೆಂದು ಮಗಳು ಇಂಗ್ಲಿಷಿನಲ್ಲಿ ಹುಡುಕಿದರೆ ಪುಟ ಮುಚ್ಚಿಕೊಂಡಿತು, ನನಗೆ ಕೆಂಪು ಬಣ್ಣದ ಎಚ್ಚರಿಕೆ ಬಂತು. ಅದೇ ವಾರ ನಾನೇ ಪರೀಕ್ಷಿಸಲೆಂದು, ಬೀದಿ ಜಗಳದಲ್ಲಿ ಕೇಳುವಂಥ ಕನ್ನಡದ ಬೈಗುಳವೊಂದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಹುಡುಕಿದೆ. ಮಗಳ ಫೋನಿನಲ್ಲಿದ್ದ ಆ ಆ್ಯಪ್ ತಡೆಯಲಿಲ್ಲ, ಎಚ್ಚರಿಸಲೂ ಇಲ್ಲ. ನಮ್ಮ ಮಕ್ಕಳು ಒಬ್ಬರಿಗೊಬ್ಬರು ಬರೆಯುವುದು ಹಾಗೆಯೇ, ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿ. ನಾನು ಹಣ ಕೊಟ್ಟು ನೇಮಿಸಿಕೊಂಡ ಕಾವಲುಗಾರನಿಗೆ ನನ್ನ ಮನೆಯ ಭಾಷೆ ಬರುತ್ತಿರಲಿಲ್ಲ.

ಇದಕ್ಕಿಂತ ದೊಡ್ಡದು, ಈ ತಂತ್ರಾಂಶಗಳು ಮನಸ್ಸಿನಲ್ಲಿಟ್ಟುಕೊಂಡಿರುವ ಮನೆಯೇ ಬೇರೆ. ಅಲ್ಲಿ ಪ್ರತಿ ಮಗುವಿಗೂ ಒಂದು ಫೋನ್, ಅದನ್ನು ಬಲ್ಲ ಅಪ್ಪ ಅಮ್ಮ. ನನ್ನ ತಂಗಿಯ ಮನೆಯಲ್ಲಿರುವುದು ಒಂದೇ ಸ್ಮಾರ್ಟ್‌ಫೋನ್. ಒಂಬತ್ತನೇ ತರಗತಿಯ ಅವಳ ಮಗನೇ ಅದರ ಯಜಮಾನ. ಅಪ್ಪನ ಇಮೇಲ್ ತೆರೆದವನು ಅವನು, ಯುಪಿಐ ಪಿನ್ ಇಟ್ಟವನು ಅವನು, ತೋಟಕ್ಕೆ ಹೋಗಿ ಬೆಳೆ ಸಮೀಕ್ಷೆ ಆ್ಯಪ್‌ಗೆ ಫೋಟೊ ತೆಗೆದು ಹಾಕುವವನೂ ಅವನೇ. 'ಪೋಷಕರ ಒಪ್ಪಿಗೆ ಬೇಕು' ಎಂದು ಫೋನ್ ಕೇಳಿದರೆ ಒಟಿಪಿ ಬರುವುದು ಅವನ ಅಂಗೈಯಲ್ಲಿರುವ ಫೋನಿಗೇ. ಅಲ್ಲಿ ಯಾರು ಯಾರನ್ನು ಕಾಯಬೇಕು? 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಓದಿದಾಗಲೂ ನನಗೆ ಆ ಹುಡುಗನೇ ನೆನಪಾದ. 18 ತುಂಬದ ಎಲ್ಲರೂ ಅದರ ಪ್ರಕಾರ ಮಕ್ಕಳು; ಅವರ ಮಾಹಿತಿ ಬಳಸಬೇಕಾದರೆ ಕಂಪನಿಗಳು ಖಚಿತಪಡಿಸಿಕೊಳ್ಳಬಹುದಾದ ಪೋಷಕರ ಒಪ್ಪಿಗೆ ಪಡೆಯಬೇಕು, ಮಕ್ಕಳ ನಡವಳಿಕೆಯ ಮೇಲೆ ಕಣ್ಣಿಡುವಂತಿಲ್ಲ, ಅವರನ್ನೇ ಗುರಿಯಾಗಿಸಿ ಜಾಹೀರಾತು ತೋರಿಸುವಂತಿಲ್ಲ. ತಪ್ಪಿದರೆ ದಂಡ 200 ಕೋಟಿ ರೂಪಾಯಿವರೆಗೆ. ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಕಂಪನಿಗಳ ಕೈ ಕಟ್ಟುವ ಆ ಭಾಗ ನನಗೆ ಪೂರ್ತಿ ಒಪ್ಪಿಗೆ. ಒಪ್ಪಿಗೆಯ ಗುಂಡಿ ಒತ್ತುವವರು ಯಾರು ಎಂಬುದು ಮಾತ್ರ ಹಳ್ಳಿಯ ಆ ಜಗಲಿಯಲ್ಲಿ ಕುಳಿತು ನೋಡಿದರೆ ಬೇರೆಯೇ ಕಾಣುತ್ತದೆ. ಏಳು ವರ್ಷದ ಮಗುವನ್ನೂ ಹದಿನೇಳರ ಯುವಕನನ್ನೂ ಒಂದೇ ತಕ್ಕಡಿಯಲ್ಲಿ ಇಡುವುದೂ ಸರಿ ಕಾಣುವುದಿಲ್ಲ.

ಮಕ್ಕಳಿಗೆ ಎಂಥ ಖಾಸಗಿತನ ಎಂದು ನಮ್ಮ ಮನೆಯಲ್ಲೇ ಕೇಳಿದರು. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ. ಭಾರತ 1992ರಲ್ಲೇ ಒಪ್ಪಿಕೊಂಡ, ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 16ನೇ ವಿಧಿ ಮಕ್ಕಳ ಪತ್ರವ್ಯವಹಾರಕ್ಕೂ ಆ ರಕ್ಷಣೆ ಕೊಡುತ್ತದೆ. ಅದೇ ಒಡಂಬಡಿಕೆಯ 5ನೇ ವಿಧಿ, ಮಗು ಬೆಳೆದಂತೆ ಅದರ ಸಾಮರ್ಥ್ಯಕ್ಕೆ ತಕ್ಕಂತೆ ದಾರಿ ತೋರಿಸುವ ಹೊಣೆಯನ್ನು ತಂದೆತಾಯಿಗೆ ವಹಿಸುತ್ತದೆ. 'ಬೆಳೆದಂತೆ' ಎಂಬ ಆ ಮಾತು ನನ್ನೊಳಗೆ ಉಳಿಯಿತು. ಬಾಗಿಲಿಗೆ ಚಿಲಕ ಹಾಕುವುದು ತಪ್ಪಲ್ಲ. ಚಿಲಕ ಇದೆಯೆಂದು ಒಳಗಿರುವವರಿಗೂ ಗೊತ್ತಿರಬೇಕು, ಅದನ್ನು ಯಾವಾಗ ತೆಗೆಯುತ್ತೇವೆಂದೂ ಗೊತ್ತಿರಬೇಕು. ನಾನು ಎರಡನ್ನೂ ಮುಚ್ಚಿಟ್ಟೆ.

ದಸರಾ ಮುಗಿದು ಮಗಳು ಊರಿಗೆ ಬಂದ ರಾತ್ರಿ ಅವಳ ಎದುರಿಗೇ ಆ ಆ್ಯಪ್ ತೆಗೆದೆ. ಕ್ಷಮೆ ಕೇಳಿದೆ. ಕ್ಷಮಿಸಿದೆ ಎಂದೇನೂ ಅವಳು ಹೇಳಲಿಲ್ಲ. 'ಹುಟ್ಟುಹಬ್ಬದ ದಿನದ್ದೂ ಓದಿದ್ದೆಯಾ?' ಎಂದು ಕೇಳಿದಳು. ಹೂಂ ಎಂದೆ. ಎದ್ದು ಹೋಗಿ ಮಲಗಿದಳು. ಒಂದು ವಾರದ ನಂತರ ನಾಲ್ವರೂ ಕುಳಿತು ಹಳೆಯ ಡೈರಿಯ ಹಾಳೆಯಲ್ಲಿ ಕೆಲವು ನಿಯಮ ಬರೆದೆವು. ರಾತ್ರಿ ಹತ್ತರ ನಂತರ ಎಲ್ಲರ ಫೋನೂ, ನಮ್ಮಿಬ್ಬರದೂ ಸೇರಿ, ಹಜಾರದ ಕಪಾಟಿನಲ್ಲಿ. ಯಾರಾದರೂ ಹೆದರಿಸಿದರೆ ಮೊದಲು ಹೇಳುವುದು, ಹೇಳಿದ್ದಕ್ಕಾಗಿ ಫೋನ್ ಕಿತ್ತುಕೊಳ್ಳುವುದಿಲ್ಲ. ಈ ಸಾಲಿನ ಕೆಳಗೆ ಅಡಿಗೆರೆ ಎಳೆದವಳು ಅವಳೇ. ಸಂದೇಶ ಓದುವುದು ಇಲ್ಲವೇ ಇಲ್ಲ. ದೂರ ಹೋದಾಗ ಎಲ್ಲಿದ್ದಾಳೆಂದು ತೋರಿಸುವುದು ಅವಳಿಷ್ಟ. ಪ್ರತಿ ವರ್ಷ ಹುಟ್ಟಿದ ದಿನ ಹಾಳೆಯನ್ನು ತೆಗೆದು ಒಂದು ನಿಯಮ ಸಡಿಲಿಸುವುದು. ಹಾಳೆ ಫ್ರಿಜ್ಜಿನ ಬಾಗಿಲ ಮೇಲಿದೆ, ಒಂದು ಮೂಲೆ ಸಾರಿನ ಕೈ ತಾಗಿ ಹಳದಿಯಾಗಿದೆ. ಹತ್ತು ಗಂಟೆಯ ನಿಯಮವನ್ನು ಹೆಚ್ಚು ಸಲ ಮುರಿದವರು ನಮ್ಮ ಮನೆಯವರು, ಆಮೇಲೆ ನಾನು.

ಈಗ ಅವಳು ಹತ್ತನೇ ತರಗತಿ. ಕಳೆದ ತಿಂಗಳು ಪರೀಕ್ಷೆಯ ಹೊತ್ತಿಗೆ ತಾನೇ ಬಂದು, ಓದುವ ವೇಳೆಯಲ್ಲಿ ಇನ್‌ಸ್ಟಾಗ್ರಾಮ್ ಮುಚ್ಚಿಕೊಳ್ಳುವಂತೆ ಮಾಡು, ಪಿನ್ ನನಗೆ ಹೇಳಬೇಡ ಎಂದಳು. ಮಾಡಿಕೊಟ್ಟೆ. ಪರೀಕ್ಷೆ ಮುಗಿದ ಸಂಜೆ ತೆಗೆಸಿಕೊಂಡಳು. ಗೆಳತಿಯರ ಮಾತನ್ನು ಕೆಲವೊಮ್ಮೆ ಹೇಳುತ್ತಾಳೆ, ನಾನು ಸಾರಿಗೆ ಒಗ್ಗರಣೆ ಹಾಕುತ್ತಾ ಬೆನ್ನು ತಿರುಗಿಸಿ ನಿಂತಿದ್ದಾಗ ಹೆಚ್ಚು. ಆಗ ನಾನು ತಿರುಗಿ ನೋಡುವುದಿಲ್ಲ.

ಅವಳ ಕೋಣೆಗೆ ಹೋದರೆ ಇಂದಿಗೂ ಫೋನನ್ನು ಬೋರಲು ಹಾಕುತ್ತಾಳೆ. ಒಗೆದ ಬಟ್ಟೆಗಳನ್ನು ಮಂಚದ ಮೇಲಿಟ್ಟು ಹೊರಗೆ ಬರುತ್ತೇನೆ.